ಮಗಳ ಉಸಿರಲ್ಲಿ ಥಿನ್ನರ್ ವಾಸನೆ

ಮಗಳ ಬಾಯಿಂದ ಥಿನ್ನರ್ ವಾಸನೆ ಬಂದಾಗ ಪಾಲಿಶ್ ಮೇಸ್ತ್ರಿಯ ಎದೆ ಧಸಕ್ಕೆಂದಿತು. ಮೇಜು ಕುರ್ಚಿಗಳಿಗೆ ಪಾಲಿಶ್ ಹೊಡೆಯುವುದರಲ್ಲೇ ಕೂದಲು ನರೆತ ಮನುಷ್ಯ. ಪಾಲಿಶ್‌ಗೆ ಬೆರೆಸುವ ಥಿನ್ನರಿನ ಡಬ್ಬಿಯನ್ನು ನಶೆಗಾಗಿ ಮೂಸಿ ಮೂಸಿ ಹಾಳಾದ ಕೆಲಸಗಾರರನ್ನು ಕಣ್ಣಾರೆ ಕಂಡವನು. ಈಗ ಮನೆಯ ಕೂಸೇ! ತಾಯಿಯಿಲ್ಲದ ಹುಡುಗಿಯೆಂದು ಅಂಗೈಯಲ್ಲಿಟ್ಟು ಸಾಕಿದ್ದಕ್ಕೆ ಇದಾ ಬಹುಮಾನ?

"ಗುಬ್ಬಿ, ನಿಜ ಹೇಳು. ಅಂಗಡಿ ಡಬ್ಬಿ ಮೂಸಿದ್ಯಾ?"

"ಇಲ್ಲಪ್ಪಾ... ನೀರು ಕೊಡು."

"ಸುಳ್ಳು ಬೇರೆ! ಕಳ್ಳಿ!"

ಅವನ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನೀರು ತರಲು ಒಳಗೆ ಹೋದಳು.

ಗುಬ್ಬಿ ಚೊಂಬುಗಟ್ಟಲೆ ನೀರು ಕುಡಿದು ಬಚ್ಚಲಿಗೆ ಓಡುತ್ತಿದ್ದಳು, ವಾಂತಿ ಮಾಡುತ್ತಿದ್ದಳು, ಹೊಟ್ಟೆ ಹಿಡಿದು ಮುದುಡುತ್ತಿದ್ದಳು. ಎಲ್ಲಾ ಥಿನ್ನರಿನ ಆಟವೆಂದುಕೊಂಡು ಮೇಸ್ತ್ರಿ ಡಬ್ಬಿಗಳ ಕಪಾಟಿಗೆ ಬೀಗ ಜಡಿದು, ಮುಖ ಊದಿಸಿಕೊಂಡು ಕೆಲಸಕ್ಕೆ ಕೂತ. ಮಗಳಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ ಇತ್ತು, ನಿಜ. ಆದರೆ ಸೂಜಿ ಕಂಡರೆ ಇವನಿಗೆ ತಲೆ ಸುತ್ತು. ಇನ್ಸುಲಿನ್ ತರುವುದು, ಚುಚ್ಚುವುದು ಎಲ್ಲ ಅಕ್ಕನದೇ. ಅಕ್ಕನನ್ನು ಅವನು ಕಣ್ಣು ಮುಚ್ಚಿ ನಂಬಿದ್ದ.

ಮಧ್ಯಾಹ್ನದ ಹೊತ್ತಿಗೆ ಹುಡುಗಿ ಓಡಿ ಬಂದವಳ ಹಾಗೆ ಆಳವಾಗಿ ಉಸಿರೆಳೆಯತೊಡಗಿದಳು. ಮಾತು ತೊದಲಿತು. ಆಗ ಮೇಸ್ತ್ರಿಯ ಕೋಪ ಜರ್ರನೆ ಇಳಿಯಿತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಅಕ್ಕನೂ ಹಿಂದೆಯೇ ಬಂದಳು.

ಡಾಕ್ಟರಮ್ಮ ಬಗ್ಗಿ ಉಸಿರು ಮೂಸಿದಳು.

"ಅದು ಥಿನ್ನರ್ ಮೇಡಂ," ಎಂದ ಅವನು ತಲೆ ತಗ್ಗಿಸಿ.

"ನಿಮ್ಮ ಅಂಗೀದು ಥಿನ್ನರ್. ಇವಳದ್ದು ಕೀಟೋನ್."

ಬೆರಳು ಚುಚ್ಚಿ ನೋಡಿದರೆ ಮೀಟರಿನಲ್ಲಿ ಅಂಕಿಯೇ ಬರಲಿಲ್ಲ, ಅಳತೆ ಮೀರಿದೆ ಎಂದಷ್ಟೇ ತೋರಿಸಿತು. ರಕ್ತದಲ್ಲಿ ಕೀಟೋನ್ ತುಂಬಿತ್ತು.

"ಇನ್ಸುಲಿನ್ ಇಲ್ದೆ ಮೈಗೆ ಸಕ್ಕರೆ ಬಳಸೋಕಾಗಲ್ಲ, ಕೊಬ್ಬು ಕರಗಿಸತ್ತೆ, ಆಗ ಕೀಟೋನ್ ಹುಟ್ಟತ್ತೆ. ರಕ್ತ ಹುಳಿಯಾಗತ್ತೆ. ಅದಕ್ಕೇ ಈ ವಾಸನೆ, ಈ ಉಸಿರು. ಇನ್ನೂ ತಡವಾಗಿದ್ರೆ ಕೈ ಮೀರ್ತಿತ್ತು. ಇಂಜೆಕ್ಷನ್ ತಪ್ಪಿಸಿದ್ರಾ?"

"ಛೆ ಛೆ, ದಿನಾ ನಾನೇ ಕೊಡ್ತೀನಿ," ಅಂದಳು ಅಕ್ಕ, ಗೋಡೆ ನೋಡುತ್ತಾ.

ಮಾರನೇ ದಿನ, ಡ್ರಿಪ್ಪಿನ ಕೆಳಗೆ, ಗುಬ್ಬಿ ಕಣ್ಣು ಬಿಟ್ಟಳು. "ಅತ್ತೆ, ಆ ಪುಡಿ ಇನ್ನು ಬೇಡ," ಅಂದಳು.

ಮೇಸ್ತ್ರಿ ಅಕ್ಕನ ಕಡೆ ತಿರುಗಿದ.

"ಜೀವನಪೂರ್ತಿ ಚುಚ್ಚಿಸ್ಕೋಬೇಕಾ ಮಗು?" ಅಕ್ಕ ಅಳತೊಡಗಿದಳು. "ನಾಟಿ ವೈದ್ಯರು ಪುಡಿಯಲ್ಲಿ ವಾಸಿಯಾಗತ್ತೆ ಅಂದ್ರು, ಸೂಜಿ ನಿಲ್ಲಿಸಿದೆ."

"ನಾನು ಅವಳನ್ನ ಕಳ್ಳಿ ಅಂದಾಗ ಅಲ್ಲೇ ನಿಂತಿದ್ದೆಯಲ್ಲೇ ಅಕ್ಕಾ! ಡಾಕ್ಟ್ರು ಕೇಳಿದಾಗಲೂ ಸುಳ್ಳು ಹೇಳಿದೆ!"

"ನಿಂಗೆ ಗೊತ್ತಿತ್ತಲ್ಲಪ್ಪಾ," ಅಂದಳು ಗುಬ್ಬಿ. "ಅತ್ತೆ ಹೇಳಿದ ಹಾಗೆ ಮಾಡ್ಲಾ ಅಂತ ಅಂಗಡಿಗೆ ಬಂದು ಕೇಳಿದ್ನಲ್ಲ."

ಕೇಳಿದ್ದಳು. ಕುರ್ಚಿಯ ಕಾಲು ಉಜ್ಜುತ್ತಿದ್ದವನು ತಲೆಯೆತ್ತದೆಯೇ, 'ಅತ್ತೆ ಹೇಳಿದ್ಮೇಲೆ ಮುಗೀತು, ನನ್ನನ್ನೇನು ಕೇಳ್ತೀಯ' ಎಂದಿದ್ದ.

ಡ್ರಿಪ್ ತೆಗೆದ ದಿನ ನರ್ಸ್ ಸಿರಿಂಜ್ ತಂದು, ಮನೆಯಲ್ಲಿ ಯಾರು ಕೊಡ್ತೀರಿ ಎಂದಳು. ಅಕ್ಕ ಅಭ್ಯಾಸದಂತೆ ಎದ್ದಳು. ಮೇಸ್ತ್ರಿ ಅಡ್ಡ ನಿಂತು ಸಿರಿಂಜನ್ನು ತಾನೇ ತೆಗೆದುಕೊಂಡ.

ಗುಬ್ಬಿ ತೋಳು ಕೊಟ್ಟಳು. ಆದರೆ ಅವನು ಚುಚ್ಚುವ ಮೊದಲೇ ಸಿರಿಂಜನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, "ನಂಗೇ ಹೇಳ್ಕೊಡಿ ಸಿಸ್ಟರ್," ಅಂದಳು.