ಮನೆ ಹೋಗುವ ಕಡೆ ಸಿಗ್ನಲ್ ಬರುತ್ತದೆಯೇ?

ಎರ್ಸೀರಾಳ ಫೋನಿನ ಗಾಜು ಒಡೆದು ಎರಡು ತಿಂಗಳಾಗಿತ್ತು. ಬೆರಳಿಟ್ಟರೆ ಒಮ್ಮೆ ಕೇಳುತ್ತಿತ್ತು, ಒಮ್ಮೆ ಇಲ್ಲ. ಗಂಡ ನೊಲ್ಬೆರ್ತೊ ಸಮುದ್ರದಲ್ಲಿ ಮುಳುಗಿ ಚಿಪ್ಪು ಹೆಕ್ಕುವವನು. ಮೇಲೆ ಬಂದು ದೋಣಿ ಹತ್ತಿದ ಕೂಡಲೇ ಹೆಂಡತಿಗೆ ಫೋನ್ ಮಾಡುತ್ತಾನೆ. ಆ ಕರೆ ಬರುವವರೆಗೆ ಅವಳು ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಒಲೆಯ ಮೇಲಿನ ಆಲೂಗಡ್ಡೆ ಸೀದು ಹೋದರೂ ಗೊತ್ತಾಗದು. ಮೊನ್ನೆ ಕರೆ ಬಂದರೂ ಗಾಜು ಕೈಕೊಟ್ಟಿತು. ಎತ್ತಲಾಗದೆ ಅತ್ತೇಬಿಟ್ಟಿದ್ದಳು.

ಹಾಗಾಗಿ ಶನಿವಾರ ದ್ವೀಪದಿಂದ ಲಾಂಚ್ ಹತ್ತಿ ದಾಲ್ಕಾವೆ ಪೇಟೆಗೆ ಬಂದಳು. ಜೊತೆಗೆ ಪಕ್ಕದ ಮನೆಯ ದೊಮಿತಿಲಾ. ಜ್ಞಾನಸ್ನಾನದಲ್ಲಿ ಎರ್ಸೀರಾಳ ಮಗಳನ್ನು ಎತ್ತಿಕೊಂಡು ನಿಂತವಳು ಅವಳೇ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಮಗುವಿನಿಂದಾದ ಅಕ್ಕತಂಗಿಯರು. ದೊಮಿತಿಲಾ ನೆರೆಹೊರೆ ಸಂಘದ ಕಾರ್ಯದರ್ಶಿ ಬೇರೆ. ಅಚ್ಚಾದ ಕಾಗದ ಕಂಡರೆ ಕೊನೆಯ ಸಾಲಿನವರೆಗೆ ಓದದೆ ಬಿಡಳು.

ಫೋನಿನಂಗಡಿಯ ಬಾಗಿಲಲ್ಲಿ ದೊಡ್ಡಕ್ಷರದಲ್ಲಿ ಬರೆದಿತ್ತು: ‘ಹೊಸ ಫೋನ್, ಸೊನ್ನೆ ಪೆಸೊ. ಇಂದೇ ಕೊನೆ.’

“ನೋಡಿದ್ಯಾ ಕೊಮಾದ್ರೆ, ಪುಕ್ಕಟೆ!” ಎಂದಳು ಎರ್ಸೀರಾ.

“ಪುಕ್ಕಟೆ ಕೊಡೋಕೆ ಅವನೇನು ನಿನ್ನ ಸೋದರಮಾವನಾ?”

“ಸುಮ್ನಿರೇ. ಮೂರಕ್ಕೆ ಲಾಂಚ್ ಹೊರಡುತ್ತೆ.” ಎರ್ಸೀರಾ ಆಗಲೇ ಒಳಗೆ ಹೋಗಿ ಸಹಿಗೆ ಪೆನ್ನು ಹಿಡಿದಿದ್ದಳು.

ದೊಮಿತಿಲಾ ಅಂಗಡಿಯವನತ್ತ ತಿರುಗಿದಳು. “ಸೊನ್ನೆ ಅಂದ್ರೆ ಪೂರ್ತಿ ಸೊನ್ನೆಯೋ, ಇವತ್ತಿಗೆ ಮಾತ್ರವೋ?”

“ಇವತ್ತಿಗೆ, ಸೆನ್ಯೋರಾ. ಆಮೇಲೆ ಹದಿನೆಂಟು ತಿಂಗಳು ಪ್ಲಾನಿನ ಜೊತೆ ಫೋನಿನ ಕಂತು. ಕೊನೆಗೆ ಒಂದು ದೊಡ್ಡ ಕಂತು ಕಟ್ಟಿದ್ರೆ ಫೋನ್ ನಿಮ್ಮದೇ.”

“ಕಟ್ಟದಿದ್ರೆ?”

“ವಾಪಸ್ ಕೊಡಬೇಕು.”

“ಮಧ್ಯದಲ್ಲಿ ಬೇಡ ಅಂದ್ರೆ?”

“ಉಳಿದ ಹಣ ಒಂದೇ ಸಲಕ್ಕೆ ಕಟ್ಟಬೇಕು.”

“ನಾನ್ಯಾಕೆ ಬೇಡ ಅಂತೀನಿ?” ಎರ್ಸೀರಾ ರೇಗಿದಳು. “ಎಲ್ಲದಕ್ಕೂ ಅಡ್ಡಗಾಲು ಹಾಕ್ತೀಯಲ್ಲ!”

“ನಿಮ್ಮ ಸಿಗ್ನಲ್ ಎಲ್ಲೆಲ್ಲಿ ಬರುತ್ತೆ, ತೋರಿಸಿ” ಎಂದಳು ದೊಮಿತಿಲಾ.

ಅಂಗಡಿಯವನು ನಕ್ಷೆ ತೆರೆದ. ಎರ್ಸೀರಾ ಬೆರಳಿಟ್ಟಳು. “ನಮ್ಮನೆ ಇಲ್ಲಿ. ಪೂರ್ತಿ ಬಣ್ಣ ಇದೆ, ನೋಡು!”

“ಇವತ್ತು ಅಲ್ಲಿದೆ. ಹದಿನೈದು ದಿನ ಬಿಟ್ರೆ?”

ಎರ್ಸೀರಾಳ ಕೈ ನಿಂತಿತು. ಕಡಲು ದಡ ಕೊರೆಯುತ್ತಿದ್ದುದರಿಂದ, ಅವಳ ಮರದ ಮನೆಯನ್ನು ಇಡಿಯಾಗಿ ಗುಡ್ಡದ ಹಿಂದಿನ ದಡಕ್ಕೆ ಎಳೆದೊಯ್ಯುವುದೆಂದು ಊರವರು ದಿನ ಗೊತ್ತು ಮಾಡಿದ್ದರು. ಯಾರ ಎತ್ತು, ಯಾರ ಹಗ್ಗ, ಊಟಕ್ಕೆ ಏನು, ಎಲ್ಲ ಅವಳಿಗೆ ನೆನಪಿತ್ತು. ಇದೊಂದು ಹೊಳೆದಿರಲಿಲ್ಲ.

“ಮನೆ ಎಲ್ಲಿಗೆ ಹೋಗುತ್ತೆ?” ಅಂಗಡಿಯವನು ಕಣ್ಣರಳಿಸಿದ.

“ಎತ್ತು ಕಟ್ಟಿ ಎಳೀತೀವಿ. ಈ ಕಡೆಗೆ ಹೊಸಬರಾ ನೀವು?” ಎಂದಳು ದೊಮಿತಿಲಾ.

ನಕ್ಷೆಯಲ್ಲಿ ಗುಡ್ಡದ ಹಿಂದೆ ಬರೀ ಬಿಳಿ.

“ಅಲ್ಲಿ ನಿನ್ನ ಹಳೇ ಫೋನಿನ ಕಂಪನಿ ಸಿಗ್ನಲ್ ಒಂದೇ ಸಿಗೋದು, ಕೊಮಾದ್ರೆ. ಮನೆ ಎಳೆಯೋಕೆ ಎತ್ತುಗಳಿವೆ. ಟವರ್ ಎಳೆಯೋರ್ಯಾರು?”

ಹದಿನೆಂಟು ತಿಂಗಳು ಗಂಡನ ಕರೆಯಿಲ್ಲದೆ ದಡದಲ್ಲಿ ಅಲೆಯುವುದನ್ನು ನೆನೆದು ಎರ್ಸೀರಾ ಪೆನ್ನು ಕೆಳಗಿಟ್ಟಳು. “ಹಾಗಾದ್ರೆ ಈ ಒಡಕು ಫೋನಲ್ಲೇ ಸಾಯ್ಲಾ?”

“ಗಾಜು ಹಾಕಿಸೇ, ಮಂಕೇ!”

ಮಾರುಕಟ್ಟೆಯ ರಿಪೇರಿಯವನು ಲಾಂಚ್ ಹೊರಡುವ ಮುಂಚೆ ಹೊಸ ಗಾಜು ಕೂರಿಸಿಕೊಟ್ಟ. ಸಂಜೆ ಪುಕ್ಕಟೆ ಫೋನಿನ ಸುದ್ದಿ ಕೇಳಿ ನೊಲ್ಬೆರ್ತೊ ಗೊಣಗಿದ, “ಪುಕ್ಕಟೆ ಕೊಟ್ಟದ್ದನ್ನ ಬಿಟ್ಟು ಬಂದ್ಯಾ?” ಎರ್ಸೀರಾ ನಡೆದದ್ದನ್ನೆಲ್ಲ ಹೇಳಿದಳು. ಅವನು ಹೊಸ ಗಾಜಿನ ಮೇಲೆ ಬೆರಳಾಡಿಸಿ ನೋಡಿದ.

“ನಾನು ಮೇಲೆ ಬಂದೆ ಅಂತ ನಿಂಗೆ ಹೇಳೋಕಾಗದ ಫೋನು ನಂಗೂ ಬೇಡ ಬಿಡು” ಎಂದ.

ಓದುವ ಅಕ್ಕ ಅಣ್ಣಂದಿರೇ, ಹೊಸ ಫೋನಿಗೆ ಸಹಿ ಹಾಕುವ ಮುಂಚೆ ಬಾಯಿಬಿಟ್ಟು ಕೇಳಿ. ಎಲ್ಲ ಸೇರಿ ಎಷ್ಟಾಗುತ್ತದೆ? ಎಷ್ಟು ತಿಂಗಳು ಕಟ್ಟುಬೀಳುತ್ತೀರಿ? ನಡುವೆ ಬಿಟ್ಟರೆ ಏನು ತೆರಬೇಕು? ಅಷ್ಟು ತಿಂಗಳೂ ನೀವಿರುವ ಜಾಗದಲ್ಲಿ ಸಿಗ್ನಲ್ ಇದೆಯೇ ನೋಡಿಕೊಳ್ಳಿ. ‘ಇಂದೇ ಕೊನೆ’ ಎಂದು ಯಾರಾದರೂ ಅವಸರ ಮಾಡಿದರೆ, ಕಾಗದ ಮಡಿಚಿ ಮನೆಗೆ ತನ್ನಿ. ಜೋರಾಗಿ ಓದಿ. ನಿಮ್ಮ ಕರೆಗೆ ಕಾಯುವವರೂ ಅದರಲ್ಲಿ ಏನಿದೆಯೆಂದು ಕೇಳಲಿ.