ಜಾಗವಿಲ್ಲದ ಡಿಸ್ಕು

ಜೊತೆಗಾರರು ಅವಳಿಗಿಟ್ಟ ಹೆಸರು ಭೂತಗನ್ನಡಿ. ಒಂದು ಮುದ್ರಣಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವಳ ಹೊಟ್ಟೆಪಾಡು. ಬಿಡುವು ಸಿಕ್ಕಾಗ ಒಂದು ಪುಟ್ಟ ಪ್ರೋಗ್ರಾಮಿಗೆ ಬರುವ ತಿದ್ದುಪಡಿಗಳನ್ನು ಓದಿ ಒಪ್ಪಿಗೆ ಕೊಡುವುದು, ಅದೂ ಬಿಟ್ಟಿಯಾಗಿ, ಅವಳ ಗೀಳು. ಗುಂಡಿ, ಚಿತ್ರ ಏನೂ ಇಲ್ಲದ ಪ್ರೋಗ್ರಾಮು ಅದು. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪು ಮಾಡಿದರೆ ಹಳೆಯ ಫೈಲುಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ನಕಲು ಸರಿಯಿದೆಯೇ ಎಂದು ನೋಡಿಕೊಂಡು, ಆಮೇಲೆ ಮೂಲವನ್ನು ಅಳಿಸುತ್ತದೆ. ಇಷ್ಟೇ ಕೆಲಸವನ್ನು ತಪ್ಪಿಲ್ಲದೆ ಮಾಡುತ್ತದೆಂದು, ಅವಳು ಮುಖವನ್ನೇ ನೋಡದ ಎಷ್ಟೋ ಜನ ಅದನ್ನು ನಂಬಿದ್ದರು.

ಅವತ್ತು ಹನ್ನೊಂದು ಗಂಟೆಗೆ ಯಾರೋ ಬಳಕೆದಾರರು ಒಂದು ಪ್ರಶ್ನೆ ಬರೆದಿದ್ದರು. ಡಿಸ್ಕು ತುಂಬಿಹೋಗಿದೆ, ಆದರೂ ಹೊಸ ಆವೃತ್ತಿ ‘ಎಲ್ಲ ಮುಗಿಯಿತು’ ಎನ್ನುತ್ತಿದೆ, ಇದು ಸರಿಯೇ ಎಂದು. ಓದಿ ಅವಳಿಗೆ ನಗು ಬಂತು. ತುಂಬಿದ ಡಿಸ್ಕಿಗೆ ಫೈಲು ಹೋಗುವುದಾದರೂ ಹೇಗೆ? ಮರುಕ್ಷಣವೇ ನಗು ನಿಂತಿತು. ಎಂಟು ದಿನದ ಹಿಂದೆ ತಾನು ಒಪ್ಪಿದ ಪ್ಯಾಚನ್ನು, ಅಂದರೆ ತಿದ್ದುಪಡಿಯನ್ನು, ಮತ್ತೆ ತೆರೆದಳು.

ಅದನ್ನು ಕಳಿಸಿದವನು ಗುಬ್ಬಿ ಎಂಬ ಹೆಸರಿನಲ್ಲಿ ಬರೆಯುವ ಒಬ್ಬ ಹುರುಪಿನ ಕೆಲಸಗಾರ. ನಕಲು ಮಾಡುವ ಮತ್ತು ಸರಿನೋಡುವ ಭಾಗವನ್ನು ಬೇರೆ ತೆಗೆದಿಟ್ಟು ವೇಗ ಹೆಚ್ಚಿಸಿದ್ದ. ನಕಲು ಕೆಟ್ಟರೆ ಆ ಭಾಗ ‘ಆಗಲಿಲ್ಲ’ ಎಂದು ಉತ್ತರ ಕೊಡುತ್ತಿತ್ತು. ಆದರೆ ಆ ಉತ್ತರವನ್ನು ಕೇಳಿಸಿಕೊಳ್ಳುವ ಸಾಲೇ ಇರಲಿಲ್ಲ. ಅದರ ಕೆಳಗಿನ ಸಾಲು ಮೂಲವನ್ನು ಅಳಿಸಿಬಿಡುತ್ತಿತ್ತು.

ಅವತ್ತು ಓದುವಾಗ ಇದೇ ಜಾಗದಲ್ಲಿ ಅವಳ ಕಣ್ಣು ನಿಂತಿತ್ತು. ಕೇಳಬೇಕೆಂದುಕೊಂಡಳು. ಹಿಂದಿನ ಮೂವತ್ತು ಪ್ಯಾಚುಗಳಲ್ಲಿ ಗುಬ್ಬಿ ಒಂದು ತಪ್ಪನ್ನೂ ಮಾಡಿರಲಿಲ್ಲ. ಇವಳದು ಬರೀ ಮೊಸರಲ್ಲಿ ಕಲ್ಲು ಹುಡುಕುವ ಬುದ್ಧಿ ಅಂದುಕೊಂಡಾನೆಂದು ಸುಮ್ಮನಾಗಿ, ‘ಚೆನ್ನಾಗಿದೆ’ ಎಂದು ಬರೆದುಬಿಟ್ಟಿದ್ದಳು.

ನಾಲ್ಕೇ ಫೈಲಿಗೆ ಜಾಗವಿರುವ ಒಂದು ಡಿಸ್ಕು ಹೊಂದಿಸಿ, ಹತ್ತು ಫೈಲು ಸಾಗಿಸಿ ನೋಡಿದಳು. ಎಲ್ಲ ಮುಗಿಯಿತು ಎಂದು ಪರದೆ ಹೇಳಿತು. ಆಚೆ ನಾಲ್ಕು ಇದ್ದವು. ಈಚೆ ಒಂದೂ ಇರಲಿಲ್ಲ. ಆರು ಎಲ್ಲಿಯೂ ಇರಲಿಲ್ಲ.

ಆಗ ಭಾವ ನೆನಪಾದರು. ಅಕ್ಕನ ಗಂಡ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸ್ಕ್ಯಾನ್ ಚಿತ್ರಗಳನ್ನು ಕಾಯುವವರು. ಒಂದು ವಾರ ಹಳೆಯದಾದ ಚಿತ್ರಗಳನ್ನು ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಇದೇ ಪ್ರೋಗ್ರಾಮಿನಿಂದ ದೊಡ್ಡ ಡಿಸ್ಕಿಗೆ ಸಾಗಿಸುತ್ತಿದ್ದರು. ಇದನ್ನು ಬಳಸಿ ಎಂದು ಹೇಳಿಕೊಟ್ಟವಳು ಅವಳೇ, ಐದು ದಿನದ ಹಿಂದೆ ಹೋಗಿ ಹೊಸ ಆವೃತ್ತಿ ಹಾಕಿಕೊಟ್ಟವಳೂ ಅವಳೇ. ಡಿಸ್ಕು ಕುತ್ತಿಗೆಮಟ್ಟ ತುಂಬಿದೆ, ಹೊಸದು ಕೇಳಿ ಕೇಳಿ ಸಾಕಾಯಿತು ಎಂದು ಭಾವ ಅವತ್ತೇ ಗೊಣಗಿದ್ದರು.

ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು. ಭಾವನ ಫೋನು ನೆಲಮಾಳಿಗೆಯಲ್ಲಿ ಸತ್ತಂತೆಯೇ ಲೆಕ್ಕ. ಆಸ್ಪತ್ರೆಯ ನಂಬರಿಗೆ ಕರೆ ಮಾಡಿದರೆ ಒಬ್ಬಾಕೆ ಒಳಗೆ ಕೊಡುತ್ತೇನೆಂದಳು. ಒಳಗೆ ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದೇ ನಿಂತಳು. ತಾನು ಈಗ ಹೊರಟರೆ ಉಳಿದವರ ಗತಿ? ಮತ್ತೆ ಕೂತು ಹೊಸ ಆವೃತ್ತಿಯನ್ನು ಹಿಂತೆಗೆದು, ಯಾರೂ ಇದನ್ನು ಬಳಸಬೇಡಿ, ಫೈಲುಗಳು ಅಳಿಸಿಹೋಗುತ್ತವೆ ಎಂದು ಎರಡು ಸಾಲು ಬರೆದಳು. ಅವಸರದಲ್ಲಿ ‘ಬೇಡಿ’ ಎಂಬ ಮಾತನ್ನೇ ಮೂರು ಸಲ ತಿದ್ದಬೇಕಾಯಿತು. ಅದಕ್ಕೆ ಆರು ನಿಮಿಷ ಹೋಯಿತು. ಜೀವ ಕೈಯಲ್ಲಿ ಹಿಡಿದುಕೊಂಡು ಹೊರಟಳು.

ಎರಡು ಕೆಂಪು ದೀಪಗಳಲ್ಲಿ ನಿಲ್ಲಬೇಕಾಯಿತು. ಆ ಚಿತ್ರಗಳಲ್ಲಿ ಯಾರ ಯಾರ ತಲೆ, ಯಾರ ಯಾರ ಎದೆಗೂಡು ಇರಬಹುದು, ಯಾರ ಆಪರೇಷನ್ನು ಯಾವತ್ತಿಗೆ ಇರಬಹುದು ಎಂದು ಮನಸ್ಸು ಒಂದೇ ಸಮನೆ ಕೊರೆಯುತ್ತಿತ್ತು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಹನ್ನೆರಡು ಗಂಟೆ ಏಳು ನಿಮಿಷ. ಕಾವಲಿನವನು ಚೀಟಿ ಕೇಳಿದ. ಅವಳು ಅವನ ಪಕ್ಕದಿಂದ ನುಸುಳಿ ಬಾಗಿಲು ಬಡಿದಳು.

ಭಾವ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಪರದೆಯ ಮೇಲೆ ಫೈಲುಗಳ ಹೆಸರುಗಳು ಒಂದರ ಹಿಂದೊಂದು ಓಡುತ್ತಿದ್ದವು.

“ಭಾವ, ಅದನ್ನ ನಿಲ್ಸಿ.”

“ಮಧ್ಯದಲ್ಲಿ ನಿಲ್ಲಿಸ್ಬಾರ್ದು ಅಂತ ನೀನೇ ಹೇಳಿದ್ಯಲ್ಲ ಪುಟ್ಟಿ,” ಎಂದರು ಅವರು, ತುತ್ತು ಕೈಯಲ್ಲೇ ಹಿಡಿದು.

ಅವಳು ಅವರ ಭುಜದ ಮೇಲಿಂದ ಕೈ ಚಾಚಿ ತಾನೇ ನಿಲ್ಲಿಸಿದಳು. ಏನಾಗಿದೆಯೆಂದು ಹೇಳುವಾಗ ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ಭಾವ ತುತ್ತನ್ನು ಡಬ್ಬಿಗೆ ಹಾಕಿ, ಕೈ ತೊಳೆದುಕೊಂಡು ಬಂದು, ಏನು ಮಾಡಬೇಕು ಹೇಳು ಎಂದರು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಇಬ್ಬರೂ ಸೇರಿ ಎಣಿಸಿದರು. ಹಿಂದಿನ ದಿನಗಳ ಚಿತ್ರಗಳೆಲ್ಲ ದೊಡ್ಡ ಡಿಸ್ಕಿನಲ್ಲಿ ಸರಿಯಾಗಿ ಕೂತಿದ್ದವು. ಡಿಸ್ಕು ತುಂಬಿದ್ದು ಅವತ್ತೇ. ಅರುವತ್ತೊಂದು ಜನರ ಚಿತ್ರಗಳು ಎರಡೂ ಕಡೆ ಇರಲಿಲ್ಲ. ಅಳಿಸಿದ ಫೈಲಿನ ಮೇಲೆ ಹೊಸದು ಬರೆಯುವವರೆಗೂ ಅದನ್ನು ಹುಡುಕಿ ತೆಗೆಯಬಹುದು ಎಂದು ಅವಳಿಗೆ ಗೊತ್ತಿತ್ತು. ಸ್ಕ್ಯಾನು ಯಂತ್ರವನ್ನು ನಿಲ್ಲಿಸಬೇಕು ಎಂದಳು. ಅಷ್ಟರಲ್ಲೇ ತುರ್ತಿನಲ್ಲಿ ಬಂದ ಒಬ್ಬರ ತಲೆಯ ಸ್ಕ್ಯಾನು ನಡೆದು, ಅದರ ಚಿತ್ರಗಳು ಅಳಿಸಿದ ಫೈಲುಗಳಿದ್ದ ಮೂಲ ಡಿಸ್ಕಿಗೇ ಬಂದು ಬಿದ್ದಿದ್ದವು.

ದೊಡ್ಡ ಡಾಕ್ಟರು ಕೆಳಗಿಳಿದು ಬಂದು, ಇದು ಯಾರ ಕೆಲಸವೆಂದು ಕೇಳಿದರು. ಭಾವ ಬಾಯಿ ತೆರೆಯುವಷ್ಟರಲ್ಲಿ ಅವಳು ಹೇಳಿದಳು.

“ನಂದು. ಓದಿ ಒಪ್ಪಿಗೆ ಕೊಟ್ಟಿದ್ದು ನಾನೇ.”

ಡಾಕ್ಟರು, ಎಷ್ಟು ಸಿಗುತ್ತದೋ ಹುಡುಕಿ, ಸಿಗದವರ ಪಟ್ಟಿ ನಾಲ್ಕು ಗಂಟೆಯೊಳಗೆ ನನ್ನ ಮೇಜಿನ ಮೇಲಿರಲಿ ಎಂದು ಹೇಳಿ ಹೋದರು.

ಮೂರೂವರೆಯ ಹೊತ್ತಿಗೆ ಐವತ್ತೆರಡು ಜನರವು ಸಿಕ್ಕವು. ಒಂಬತ್ತು ಸಿಗಲಿಲ್ಲ. ಮತ್ತೆ ಸ್ಕ್ಯಾನಿಗೆ ಬನ್ನಿ ಎಂದು ಒಂಬತ್ತೂ ಮನೆಗಳಿಗೆ ಭಾವನೇ ಫೋನು ಮಾಡಿದರು. ಅವರಲ್ಲಿ ಒಬ್ಬ ಮುದುಕರಿಗೆ ಮಾರನೆಯ ಬೆಳಿಗ್ಗೆಯೇ ಆಪರೇಷನ್ನು. ಅದನ್ನು ಎರಡು ದಿನ ಮುಂದೂಡಿದರು. ಆ ಮುದುಕರ ಮಗಳು ಫೋನಿನಲ್ಲಿ ಆಡಿದ ಮಾತು ಪಕ್ಕದಲ್ಲಿದ್ದ ಅವಳಿಗೂ ಕೇಳಿಸಿತು. ಅಪ್ಪನನ್ನು ಒಪ್ಪಿಸಲು ನಾವು ಪಟ್ಟ ಪಾಡು ನಮಗೇ ಗೊತ್ತು, ಈಗ ಅವರು ಹೆದರಿ ಬರುವುದೇ ಇಲ್ಲವೆಂದರೆ ಏನು ಮಾಡಲಿ ಎಂದಿದ್ದಳು.

ಸಂಜೆ ಗುಬ್ಬಿಯ ಪತ್ರ ಬಂದಿತ್ತು. ಎಚ್ಚರಿಕೆ ಓದಿದಾಗಿನಿಂದ ಕೈಕಾಲು ಆಡುತ್ತಿಲ್ಲ, ಇನ್ನು ಒಂದು ಸಾಲನ್ನೂ ಬರೆಯಲಾರೆ, ಕ್ಷಮಿಸಿ ಎಂದಿದ್ದ. ಆ ಸಾಲು ಇಲ್ಲದಿರುವುದು ನನಗೆ ಕಂಡಿತ್ತು, ಕೇಳಬೇಕಿತ್ತು, ಮುಲಾಜಿಗೆ ಬಿದ್ದು ಬಿಟ್ಟೆ ಎಂದು ಅವಳು ಎಲ್ಲರೂ ಓದುವ ಜಾಗದಲ್ಲೇ ಉತ್ತರ ಬರೆದಳು. ಪ್ರಶ್ನೆ ಕೇಳಿದ್ದ ಬಳಕೆದಾರರ ಫೈಲುಗಳಿಗೆ ಬೇರೊಂದು ನಕಲಿತ್ತಂತೆ. ಮತ್ತೆ ಯಾರ್ಯಾರದು ಹೋಯಿತೋ, ಯಾರು ಇನ್ನೂ ಎಚ್ಚರಿಕೆ ಓದಿಲ್ಲವೋ ಎಂಬ ದಿಗಿಲು ಮಾತ್ರ ಹೋಗಲಿಲ್ಲ. ಫೋನು ಸದ್ದು ಮಾಡಿದಾಗಲೆಲ್ಲ ಕೈಯ ಕೆಲಸ ಬಿಟ್ಟು ಎತ್ತಿ ನೋಡುತ್ತಿದ್ದಳು.

ಎಂಟು ಜನ ಮಾರನೆಯ ದಿನವೇ ಬಂದು ಹೋದರು. ಮುದುಕರು ಬಂದದ್ದು ಅದರ ಮರುದಿನ, ಮಗಳ ತೋಳು ಹಿಡಿದುಕೊಂಡು. ರಜೆ ಹಾಕಿ ಬಂದಿದ್ದ ಅವಳು ಸ್ಕ್ಯಾನು ಕೋಣೆಯ ಎದುರಿನ ಬೆಂಚಿನ ತುದಿಯಲ್ಲಿ ಕೂತಿದ್ದಳು. ಇವಳು ಯಾರೆಂದು ಆ ಮಗಳಿಗೆ ಗೊತ್ತಿರಲಿಲ್ಲ. ನಿಮ್ಮವರೂ ಒಳಗಿದ್ದಾರಾ ಎಂದು ಕೇಳಿದಳು. ಅವಳು ಸುಮ್ಮನೆ ತಲೆಯಾಡಿಸಬಹುದಿತ್ತು. ಬದಲಿಗೆ, ತಾನು ಯಾರು, ಏನು ಮಾಡಿದೆ ಎಂಬುದನ್ನು ಮೆಲ್ಲಗೆ ಹೇಳಿದಳು. ಮಗಳು ಬಾಗಿಲನ್ನೇ ನೋಡುತ್ತ ಕೂತಳು. ಎದ್ದು ಬೇರೆಡೆ ಮಾತ್ರ ಹೋಗಲಿಲ್ಲ.

ಅರ್ಧ ಗಂಟೆಗೆ ಭಾವ ಹೊರಗೆ ಬಂದು, ಚಿತ್ರ ಸ್ಪಷ್ಟವಾಗಿ ಬಂದಿದೆ, ಹೊಸ ಡಿಸ್ಕೂ ಸೇರಿ ಎರಡರಲ್ಲೂ ಇದೆ, ನಾನೇ ತೆರೆದು ನೋಡಿದೆ ಎಂದರು.