ಇಬ್ಬರ ಸಹಿ

ಬ್ಯಾಂಕಿನ ಅಧಿಕಾರಿ ಶಾಯಿಯ ಪ್ಯಾಡಿನ ಮುಚ್ಚಳ ತೆಗೆಯುತ್ತಿದ್ದ ಹಾಗೆ, ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಬಡಗಿ ಎಡಗೈ ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಬಿಗಿದ.

ಅವನ ಹಿಡಿತದಲ್ಲಿ ಉಳಿದಿದ್ದದ್ದು ಅದೊಂದೇ ಕೈ. ಆರು ದಿನದ ಹಿಂದೆ, ಬಾಗಿಲಿಗೆ ತಿರುಪು ಬಿಗಿಯುತ್ತಿದ್ದವನಿಗೆ ಪಾರ್ಶ್ವವಾಯು ಬಡಿದು ಬಲಗಡೆಯೂ ಮಾತೂ ಒಟ್ಟಿಗೇ ಹೋಗಿದ್ದವು. ಕತ್ತಿನ ರಕ್ತನಾಳ ಕಟ್ಟಿಕೊಂಡಿದೆ, ಈ ವಾರವೇ ಆಪರೇಷನ್ ಆಗದಿದ್ದರೆ ಇನ್ನೊಂದು ಹೊಡೆತ ಬರಬಹುದು ಎಂದು ಡಾಕ್ಟರು ಹೇಳಿದ್ದರು. ಅದನ್ನು ಅವನೂ ಕೇಳಿಸಿಕೊಂಡಿದ್ದ, ಕಿವಿಗೇನೂ ಆಗಿರಲಿಲ್ಲ.

ದುಡ್ಡು ಇರಲಿಲ್ಲವೆಂದಲ್ಲ. ಕಷ್ಟಕಾಲಕ್ಕೆಂದೇ ಒಂಬತ್ತು ವರ್ಷ ಕೂಡಿಟ್ಟ ಖಾತೆಯಿತ್ತು. ಗಂಡ ಹೆಂಡತಿ ಇಬ್ಬರೂ ಕೇಳಿದವರಿಗೆ ಇಲ್ಲವೆನ್ನಲಾರದವರು. ಅವಳು ತಮ್ಮನಿಗೆಂದು, ಅವನು ಗೆಳೆಯನಿಗೆಂದು ಇದ್ದದ್ದನ್ನೆಲ್ಲ ಕೊಟ್ಟು ಬರಿಗೈಯಾದ ಮೇಲೆ, ಇಬ್ಬರೂ ಸಹಿ ಹಾಕದೆ ಒಂದು ಕಾಸೂ ಹೊರಬರಬಾರದೆಂದು ಬರೆಸಿದ್ದರು. ಒಬ್ಬರ ಸಹಿ ಸಾಕೆಂದು ಬರೆಸಿ ಅಂತ ಬ್ಯಾಂಕಿನವರು ಬುದ್ಧಿ ಹೇಳಿದ್ದರು. ಅದು ಬೀಗ ಹಾಕಿ ಕೀಲಿಕೈ ಅದರಲ್ಲೇ ಬಿಟ್ಟ ಹಾಗೆ ಎಂದು ಬಡಗಿ ನಕ್ಕಿದ್ದ. ಆಮೇಲೆ ಅವಳ ಹೊಲಿಗೆ ಯಂತ್ರಕ್ಕೆ ಮೋಟಾರು ಬೇಕೆಂದಾಗ ಅವನು ಬೇಡವೆಂದ. ಅವನು ಮರ ಕೊಯ್ಯುವ ಯಂತ್ರದ ಮಾತೆತ್ತಿದಾಗ ಅವಳು ಬೇಡವೆಂದಳು. ಎರಡೆರಡು ದಿನ ಮುಖ ಊದಿಸಿಕೊಂಡರು, ದುಡ್ಡು ಮಾತ್ರ ಅಲ್ಲಾಡಲಿಲ್ಲ.

ಈಗ ಅವಳು ಅವನ ಬೆರಳು ಬಿಡಿಸಲು ಹೋದಳು.

"ಅವರಾಗೇ ಒತ್ತಬೇಕಮ್ಮ. ನೀವು ಬಲವಂತ ಮಾಡಿದ್ರೆ ನಾನು ತಗೊಳ್ಳೋ ಹಾಗಿಲ್ಲ," ಎಂದ ಅಧಿಕಾರಿ. ಸಾಕ್ಷಿಗೆ ನಿಂತಿದ್ದ ನರ್ಸು ನೆಲ ನೋಡಿದಳು.

ಹೆಂಡತಿ ಕೈ ಹಿಂತೆಗೆದಳು. ಬಡಗಿ ಅವಳನ್ನೇ ನೋಡುತ್ತಿದ್ದ. ನಾನು ಹೋದ ಮೇಲೆ ನಿನಗೆ ಇದೊಂದೇ ತಾನೇ ಎಂದು ಅವನು ಯೋಚಿಸುತ್ತಿರುವುದು ಅವಳಿಗೆ ಚೆನ್ನಾಗಿ ಅರ್ಥವಾಯಿತು. ಅರ್ಥವಾಗಿ ಸಿಟ್ಟೇ ಬಂತು.

"ನನಗೋಸ್ಕರ ಉಳಿಸ್ತಾ ಇದ್ದೀರಾ? ಕಷ್ಟ ಬಂದಾಗ ತೆಗೀಬೇಕು ಅಂತ ತಾನೇ ಇಟ್ಟಿದ್ದು," ಎಂದಳು. "ನೀವಿಲ್ಲದೆ ಇರೋದಕ್ಕಿಂತ ದೊಡ್ಡ ಕಷ್ಟ ನನಗೆ ಇನ್ಯಾವುದಿದೆ?"

ಅವನ ತುಟಿಯ ಒಂದು ಕೊನೆ ಅಲುಗಿತು. ಕಣ್ಣೀರು ಕಿವಿಯ ಕಡೆಗೆ ಇಳಿಯಿತು. ಅಧಿಕಾರಿ ಅವಸರ ಮಾಡದೆ ಕಾದ.

ಸ್ವಲ್ಪ ಹೊತ್ತಿಗೆ ಬಡಗಿ ತಾನೇ ಹೆಬ್ಬೆರಳು ಚಾಚಿ ಪ್ಯಾಡಿಗೆ ಅದ್ದಿದ, ಅಧಿಕಾರಿ ಹಿಡಿದ ಕಾಗದದ ಮೇಲೆ ಗಟ್ಟಿಯಾಗಿ ಒತ್ತಿದ. ನರ್ಸು ಸಹಿ ಹಾಕಿದಳು. ಇನ್ನು ನಿಮ್ಮದು ಎಂದು ಅಧಿಕಾರಿ ಹೆಂಡತಿಯ ಕೈಗೆ ಪೆನ್ನು ಕೊಟ್ಟ.

ಅವಳು ಬಗ್ಗಿದಾಗ ಬಡಗಿ ಶಾಯಿಯ ಕೈಯಲ್ಲೇ ಅವಳ ಬಲಗೈ ಮಣಿಕಟ್ಟು ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ. ಅವನ ಕೈಯ ಭಾರವನ್ನೂ ಹೊತ್ತುಕೊಂಡೇ, ನಿಧಾನವಾಗಿ, ತನ್ನ ಹೆಸರು ಬರೆದಳು.